ರೇಣವ್ವನ ಆರುನೂರು ತಾಟು

ಬೆಳಗಿನ ಐದೂವರೆ. ರೋಣ ತಾಲ್ಲೂಕಿನ ಯಾವಗಲ್‌ನ ಮದುವೆ ಮನೆಯೊಂದರ ಮುಂದೆ ಟ್ರ್ಯಾಕ್ಟರ್ ನಿಂತಿದೆ. ಗೋಣಿಚೀಲ ಹಾಸಿ ಜೋಡಿಸಿದ ಸ್ಟೀಲ್ ತಾಟುಗಳನ್ನು ಐವತ್ತೆರಡು ವರ್ಷದ ರೇಣವ್ವ ಇಪ್ಪತ್ತೈದರ ಕಟ್ಟು ಮಾಡಿ ಇಳಿಸುತ್ತಿದ್ದಾರೆ. ಆರುನೂರು ತಾಟು, ಅಷ್ಟೇ ಲೋಟ. ಬಾಡಿಗೆ ಇಲ್ಲ, ಆದರೆ ಕರಾರಿದೆ: ಊಟದ ಚಪ್ಪರದೊಳಗೆ ಪ್ಲಾಸ್ಟಿಕ್ ತಟ್ಟೆ, ಲೋಟ ಬರಬಾರದು, ಉಂಡವರು ತಮ್ಮ ತಾಟು ತಾವೇ ತೊಳೆಯಬೇಕು.

"ಬರೇ ತಾಟ ಕೊಟ್ರ ಎರಡ ದಿನದ ಮಾತ್ರಿ. ತೊಳೆಯೋ ರೂಢಿ ಬಿದ್ರ ಉಳೀತೈತಿ," ಎನ್ನುತ್ತಾರೆ.

ಎರಡೆಕರೆಯಲ್ಲಿ ಕಡಲೆ, ಜೋಳ ಬೆಳೆಯುವ ರೇಣವ್ವನನ್ನು ಈ ಕೆಲಸಕ್ಕೆ ಹಚ್ಚಿದ್ದು ಒಂದು ಎಮ್ಮೆ. ಎಂಟು ವರ್ಷದ ಹಿಂದೆ ಅವರ ಗಬ್ಬದ ಎಮ್ಮೆ ಮೇವು ಬಿಟ್ಟಿತು. ಮೂರು ದಿನ ನರಳಿ ಸತ್ತಿತು. ದನದ ಡಾಕ್ಟರು ಹೊಟ್ಟೆ ಕೊಯ್ದಾಗ ಹೊರಬಂದದ್ದು ಊರ ತಿಪ್ಪೆಯಲ್ಲಿ ಮೇಯ್ದಿದ್ದ ಎಷ್ಟೋ ಊಟಗಳ ಪ್ಲಾಸ್ಟಿಕ್ ತಟ್ಟೆಚೂರು, ಚೀಲಗಳ ಗಂಟು.

"ಆ ತಿಪ್ಪಿಗೆ ನಾನೂ ಒಗದಿದ್ದೆ. ಮಂದೀಗೆ ಬೈಯಾಕ ಬಾಯಿ ಬರಲಿಲ್ಲ."

ಬೈಯುವ ಬದಲು ಮನೆಮನೆಗೆ ಹೋಗಿ, ಮದುವೆಗಳಲ್ಲಿ ಉಡುಗೊರೆಯಾಗಿ ಬಂದು ಅಟ್ಟ ಸೇರಿದ್ದ ತಾಟು ಬೇಡಿದರು. ಉಡುಗೊರೆ ಕೊಟ್ಟವರ ಹೆಸರು ಕೊರೆಸಿದ ತಾಟುಗಳು. ವರ್ಷದೊಳಗೆ ಮುನ್ನೂರಾದವು. ಆದರೆ ಒಯ್ಯುವವರಿಲ್ಲ. "ತೊಳ್ಯಾವ್ರ ಯಾರು?" ಎಂದೇ ಎಲ್ಲರೂ ಕೇಳುತ್ತಿದ್ದರು. ಮೊದಲ ಮೂರು ಮದುವೆಗಳಲ್ಲಿ ರೇಣವ್ವ ಒಬ್ಬರೇ ಕುಳಿತು ತೊಳೆದರು. ಬೆರಳಸಂದಿ ಹುಣ್ಣಾಯಿತು. "ಊರ ಮುಸುರಿ ತಿಕ್ಕಾಕ ಹುಟ್ಟೀಯೇನಬೇ ಯವ್ವಾ?" ಎಂದು ಮಗಳು ಶೈಲಶ್ರೀ ಅತ್ತಳು.

ನಾಲ್ಕನೆಯದು ಊರ ಹಿರಿಯ ಮುದಿಯಪ್ಪ ಅವರ ಮಗಳ ಮದುವೆ. ನೀರಿನ ತೊಟ್ಟಿಯ ಬಳಿ ಎದ್ದಿದ್ದ ತಾಟಿನ ರಾಶಿಯ ಹಿಂದೆ ರೇಣವ್ವನ ತಲೆಯಷ್ಟೇ ಕಾಣುತ್ತಿತ್ತು. ಊಟ ಮುಗಿಸಿ ಬಂದ ಮುದಿಯಪ್ಪ ತಾಟನ್ನು ರಾಶಿಗೆ ಇಡಹೋದವರು ಅದರ ಅಂಚಿನ ಹೆಸರು ಓದಿ ನಿಂತರು. ಹನ್ನೆರಡು ವರ್ಷದ ಹಿಂದೆ ತೀರಿಕೊಂಡ ಅವರ ತಂದೆಯ ಹೆಸರು.

"ನಮ್ಮಪ್ಪ ಕೊಟ್ಟ ತಾಟ ಇದು. ನಾನ ತೊಳೀತೀನಿ. ಬೂದಿ ಇತ್ತ ತಾ ತಂಗಿ," ಎಂದು ಧೋತರ ಎತ್ತಿಕಟ್ಟಿ ಕುಳಿತೇಬಿಟ್ಟರು. ಮದುಮಗಳ ಅಪ್ಪನೇ ಕುಳಿತ ಮೇಲೆ ಬೀಗರು ನಿಂತಿರುವುದು ಹೇಗೆ? ಸಾಲು ಹತ್ತಿತು.

ಈಗ ಯಾವಗಲ್‌ನಲ್ಲಿ ಉಂಡೆದ್ದು, ಹರಟುತ್ತಾ ತಾಟು ತಿಕ್ಕುವುದು ಮದುವೆಯದೇ ಒಂದು ಭಾಗ. ವರ್ಷಕ್ಕೆ ನಲವತ್ತು ಕಾರ್ಯಗಳಿಗೆ ತಾಟು ಹೋಗುತ್ತವೆ. ನೀರಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ಇನ್ನೂ ನಿಂತಿಲ್ಲ. "ಅದಕ್ಕ ಇನ್ನೊಂದ ನಾಕ ವರ್ಷ ಹಿಡೀತೈತ್ರಿ," ಎಂದು ನಗುತ್ತಾರೆ.

ಕಳೆದ ತಿಂಗಳು ಶಿರೋಳದಲ್ಲಿ ಪರಿಚಯದವರ ಮದುವೆ. ತಾಟು ಕಳಿಸಲೇ ಎಂದು ರೇಣವ್ವ ಫೋನು ಮಾಡಿದರೆ, ಬೇಡವೆಂದರು. ಅಲ್ಲಿಯ ಹೆಣ್ಣುಮಕ್ಕಳು ತಮ್ಮವೇ ನಾನೂರು ತಾಟು ಕೂಡಿಸಿದ್ದರು.

"'ನೀ ಬರೇ ಊಟಕ್ಕ ಬಾ ಅಕ್ಕಾ' ಅಂದ್ರು. ಹೋದೆ. ಹೋಳಿಗಿ ಉಂಡೆ, ನಂದೊಂದ ತಾಟ ತೊಳದಿಟ್ಟು ಬಂದೇರಿ. ಅಷ್ಟ ಚಲೋ ಊಟ ನಾ ಉಂಡೇ ಇಲ್ಲ."