ತಾಯವ್ವ ಹೇಳದ ಹೆಸರು

ರನ್ನ ಬೆಳಗಲಿಯಲ್ಲಿ ನಮ್ಮ ಮನೆಗೂ ತಾಯವ್ವನ ಮನೆಗೂ ಒಂದೇ ಗೋಡೆ. ಆ ಗೋಡೆಯ ಆಚೆ ಇರುವುದೆಲ್ಲ ನನಗೆ ಬೇಕೆನಿಸುತ್ತಿತ್ತು. ಅವಳ ಗಂಡ ಸಾತಪ್ಪ ಮಿಲಿಟರಿಯಲ್ಲಿ ಸಿಪಾಯಿ. ರಜೆಗೆ ಬಂದನೆಂದರೆ ಕಪ್ಪು ಟ್ರಂಕಿನ ತುಂಬ ಕ್ಯಾಂಟೀನಿನ ಸಾಬೂನು, ಉಣ್ಣೆಯ ಶಾಲು. ನನ್ನವರು ಸಮೀರವಾಡಿಯ ಸಕ್ಕರೆ ಕಾರ್ಖಾನೆಯಿಂದ ಸೈಕಲ್ ಇಳಿದರೆ ಅಂಗಿಯ ತುಂಬ ಕಾಕಂಬಿಯ ವಾಸನೆ.

ಸಾಲದ್ದಕ್ಕೆ ಅವಳ ಒಡಪು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆ, ಬಸುರಿಗೆ ಮಾಡುವ ಕುಬಸದಂಥ ಕಾರ್ಯಗಳಲ್ಲಿ ಮಾತ್ರ ಪ್ರಾಸ ಕಟ್ಟಿ, ಒಡಪಿನ ನಡುವೆ ಹೆಸರು ಸೇರಿಸಿ ಹೇಳಬೇಕು. ನನ್ನ ಕುಬಸದ ದಿನ ನಾನು ತಡವರಿಸಿ ತಲೆ ತಗ್ಗಿಸಿದೆ. ತಾಯವ್ವನ ಒಡಪಿಗೆ ಬಾಗಿಲಾಚೆ ನಿಂತ ಗಂಡಸರೂ ನಕ್ಕರು. ಹಸಿರು ಸೀರೆ ಉಟ್ಟು ಕೂತವಳು ನಾನು, ಎಲ್ಲರ ಕಣ್ಣು ಅವಳ ಮೇಲೆ!

ಎಪ್ಪತ್ತೊಂಬತ್ತರ ಬೇಸಿಗೆ, ನನ್ನ ಮಗ ಇನ್ನೂ ತೊಟ್ಟಿಲಲ್ಲಿದ್ದ. ತಾಯವ್ವನಿಗೆ ಎಷ್ಟೋ ವರ್ಷದ ಮೇಲೆ ನಿಂತಿದ್ದ ಮೊದಲ ಬಸಿರು ಇಳಿದುಹೋಯಿತು. ರಕ್ತ ನಿಲ್ಲಲಿಲ್ಲ. ರಜೆಯಲ್ಲಿದ್ದ ಸಾತಪ್ಪ ಅವಳನ್ನು ದೂರದೂರಿನ ಮಿಲಿಟರಿ ದವಾಖಾನೆಗೆ ಕರೆದೊಯ್ದ. "ನಮ್ಮವರಿಗೆ ಅಲ್ಲಿ ಮಲಗಾಕ ಮಂಚ, ಗಾದಿ, ದೊಡ್ಡ ಡಾಕ್ಟರ" ಎಂದು ಅವಳ ಅತ್ತೆ ಯಂಕವ್ವ ಓಣಿಗೆಲ್ಲ ಹೇಳಿ ಬಂದಳು. ನಾನು ಹೆತ್ತದ್ದು ಸರಕಾರಿ ದವಾಖಾನೆಯ ವರಾಂಡದ ಚಾಪೆಯ ಮೇಲೆ. ತಾಯವ್ವನ ಸಂಕಟ ಗೊತ್ತಿದ್ದೂ ಆ ಗಾದಿಯ ಮಾತಿಗೆ ನನ್ನ ಹೊಟ್ಟೆ ಉರಿಯಿತು.

ತಾಯವ್ವ ಮರಳಿ ಬಂದಾಗ ಹೊಕ್ಕುಳ ಕೆಳಗೆ ಹೊಲಿಗೆಗಳಿದ್ದವು. ಗರ್ಭ ತೊಳೆಯಲು ಹೊಟ್ಟೆ ಕೊಯ್ಯುವುದಿಲ್ಲ. ಅಷ್ಟು ನನಗೂ ಗೊತ್ತು.

ಆದದ್ದು ಇಷ್ಟು. ಅದೇ ವಾರ್ಡಿನಲ್ಲಿ ಇನ್ನೊಬ್ಬ ಸಾತಪ್ಪನ ಹೆಂಡತಿ ಇದ್ದಳು. ಮಕ್ಕಳು ಸಾಕಾಗಿ ಆಪರೇಶನ್ನಿಗೆ ಬಂದವಳು. ಬಾಗಿಲಲ್ಲಿ ನಿಂತ ನರ್ಸು "ಸಾತಪ್ಪಾ ಕೀ ಬೀವಿ!" ಎಂದು ಕೂಗಿದಾಗ ತಾಯವ್ವ ಎದ್ದಳು. ಯಾವ ಸಾತಪ್ಪ, ಯಾವ ಪಲ್ಟಣ ಎಂದು ಯಾರೂ ಕೇಳಲಿಲ್ಲ. ಎಚ್ಚರ ತಪ್ಪಿಸುವ ಔಷಧ ಕೊಟ್ಟು, ಇನ್ನು ಮಕ್ಕಳಾಗದಂತೆ ಮಾಡಿ ಕಳಿಸಿದರು. ಇನ್ನೊಬ್ಬಾಕೆ "ನನ್ನ ಪಾಳಿ ಯಾವಾಗ?" ಎಂದು ಕೇಳಿದ ಮೇಲೆಯೇ ದವಾಖಾನೆಯವರಿಗೆ ಗೊತ್ತಾದದ್ದು. ಗೊತ್ತಾದರೂ ಒಪ್ಪಲಿಲ್ಲ. ಗಂಡನ ಹೆಸರು ಕೇಳಿದೆವು, ಆಕೆಯೇ ಬಾಯಿಬಿಟ್ಟು ಹೇಳಿದಳು, ಆಪರೇಶನ್ನಿಗೂ ಹೂಂ ಅಂದಳು ಎಂದರು.

ಯಂಕವ್ವನ ಕಿವಿಗೆ ಬಿದ್ದದ್ದು ಆ ಹೂಂ ಅಷ್ಟೇ, ನಂಬಿದ್ದು ಡಾಕ್ಟರನ್ನು. ಗೋಡೆಯಾಚೆಯಿಂದ ಎಲ್ಲ ಕೇಳಿಸುತ್ತಿತ್ತು.

"ತಾನ ಮಾಡಿಸ್ಕೊಂಡ ಬಂದಾಳ, ಮೈ ಕೆಡತೈತಿ ಅಂತ!"

"ಇಲ್ರಿ ಅತ್ತಿ. ನನ್ನ ಯಾರೂ ಏನೂ ಕೇಳಲಿಲ್ರಿ."

"ಅಷ್ಟ ಕಲಿತ ಡಾಕ್ಟರ ಸುಳ್ಳ ಹೇಳತಾನೇನ ಬೇ? ನನ್ನ ಮಗಗ ಗಲಗಲಿ ಕಡೆ ಬ್ಯಾರೆ ಹೆಣ್ಣ ನೋಡತೇನಿ."

ಮರುದಿನ ತಾಯವ್ವ ಬಂದು ನನ್ನ ಮಗನನ್ನು ಎತ್ತಿಕೊಂಡಳು. ಮುಂಜಾನೆಯಿಂದ ರಚ್ಚೆ ಹಿಡಿದಿದ್ದ ಕೂಸು ಅವಳ ತೊಡೆಯ ಮೇಲೆ ಸುಮ್ಮನಾಗಿ ನಕ್ಕಿತು. ಹಾಲು ನನ್ನದು, ನಗು ಅವಳಿಗೆ. ಅಷ್ಟೆಲ್ಲ ಕಳೆದುಕೊಂಡವಳ ಮೇಲೆಯೂ ಮತ್ಸರ ಬಂತು. ಕಸಿದುಕೊಳ್ಳಲು ಚಾಚಿದ ಕೈ ಅರ್ಧಕ್ಕೇ ನಿಂತಿತು.

ಸಾತಪ್ಪ ಸುಮ್ಮನಿರಲಿಲ್ಲ. ಮೇಲಿನವರಿಗೆ ಅರ್ಜಿ ಹಾಕಿದ. ವಿಚಾರಣೆಗೆ ಕರೆ ಬಂತು. ಸೊಸೆಯ ಸುಳ್ಳು ಬಯಲಾಗುವುದನ್ನು ಕಣ್ಣಾರೆ ನೋಡಬೇಕೆಂದು ಯಂಕವ್ವನೂ ಹೊರಟಳು. ತಾಯವ್ವ ಕೈ ಹಿಡಿದು ಕರೆದಳೆಂದು ಕೂಸನ್ನೆತ್ತಿಕೊಂಡು ನಾನೂ ಹೋದೆ. ಆ ಗಾದಿಗಳನ್ನು ಒಮ್ಮೆ ನೋಡುವ ಆಸೆಯೂ ಇತ್ತು.

ವಿಚಾರಣೆಯ ಸಾಹೇಬರು ಹಿಂದಿಯಲ್ಲಿ ಕೇಳಿದರು. ಸಾತಪ್ಪ ತಾಯಿಗೆ ಕನ್ನಡದಲ್ಲಿ ಹೇಳುತ್ತಿದ್ದ. ನರ್ಸು ತಡವರಿಸದೆ ನುಡಿದಳು: "ಗಂಡನ ಹೆಸರು ಕೇಳಿದೆ. 'ಸಾತಪ್ಪ' ಅಂತ ಸ್ವಚ್ಛವಾಗಿ ಹೇಳಿದಳು. ಮತ್ತೆ ಕೇಳಿದೆ, ಮತ್ತೆ ಹೇಳಿದಳು."

ಯಂಕವ್ವ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಯಾರ? ನನ್ನ ಸೊಸಿ? ಗಂಡನ ಹೆಸರ, ಹಿಂಗ ಬರೇ ಬಾಯಿಲೆ?" ಎದ್ದೇ ನಿಂತಳು. "ಸಾಹೇಬರ, ಈಕಿ ರೊಟ್ಟಿ ಸುಡತಾಳ, ನನಗ ಎದರ ಮಾತಾಡತಾಳ, ಎಲ್ಲಾ ಖರೆ. ಆದರ ಜೀವಾ ಹೋದರೂ ಗಂಡನ ಹೆಸರ ಹಿಂಗ ಹೇಳಾಕಿ ಅಲ್ಲ. ಟಪಾಲಿನಾಂವ ಕೇಳಿದರ ಹೇಳಾಕ ನನ್ನ ಕರೀತಾಳ! ಈ ನರ್ಸಬಾಯಿ ಸುಳ್ಳ ಹೇಳಾಕತ್ತಾಳ."

ಸಾಹೇಬರಿಗೆ ತಿಳಿಯಲಿಲ್ಲ. ಸಾತಪ್ಪ ಕೆಂಪಾಗಿ, ನಮ್ಮ ಪದ್ಧತಿ ಬಿಡಿಸಿ ಹೇಳಿದ. ಅವರು ಪೆನ್ನು ಕೆಳಗಿಟ್ಟು ತಾಯವ್ವನ ಕಡೆ ತಿರುಗಿದರು: ಹಾಗಾದರೆ ಈಗ ನನ್ನೆದುರು ನೀನೇ ಹೇಳು, ಯಾರ ಹೆಂಡತಿ ನೀನು?

ತಾಯವ್ವ ಸೆರಗು ಬಿಗಿಹಿಡಿದು ನಿಂತಳು. ಹೆಸರು ಹೇಳಲು ಇಲ್ಲಿ ಆರತಿ ಇಲ್ಲ, ಕುಬಸವಿಲ್ಲ.

"ಹೇಳ ಬೇ. ನಾ ಅದೇನಿ, ಹೇಳ" ಎಂದಳು ಯಂಕವ್ವ.

ಆಗ ತಾಯವ್ವ ತಲೆಯೆತ್ತಿದಳು.

"ಬಿಳೇ ಗ್ವಾಡಿ ಮನ್ಯಾಗ ಕೂಗಿದರು ಬರೇ ಹೆಸರ,
ಯಾರಾಕಿ ನೀ ಅನ್ನದ ಮುರದರು ಮುಂದಿನ ಬಸರ.
ಅಟ್ಟ ಏರೇತಿ ತೊಟ್ಟಿಲ, ಅಳಲಿ ಯಾರ ಮುಂದ?
ಸಾತಪ್ಪನವರ ಹೆಂಡತಿ ನಾ, ಕೇಳಾಕ ಬಂದೇನಿ ಇಂದ."

ಯಾರೂ ನಗಲಿಲ್ಲ. ಸಾತಪ್ಪ ಹಿಂದಿಯಲ್ಲಿ ಹೇಳಲು ಹೋಗಿ ತೊಟ್ಟಿಲಿನ ಸಾಲಿಗೆ ಬಂದು ನಿಂತುಬಿಟ್ಟ. ನರ್ಸು ಕಿಟಕಿಯ ಕಡೆ ಮುಖ ಮಾಡಿದಳು. ಸಾಹೇಬರು ಮತ್ತೊಮ್ಮೆ ಗಟ್ಟಿಸಿ ಕೇಳಿದಾಗ, ಹೆಸರನ್ನಾಗಲಿ ಆಪರೇಶನ್ನಿನ ಒಪ್ಪಿಗೆಯನ್ನಾಗಲಿ ಕೇಳಿರಲಿಲ್ಲವೆಂದು ಒಪ್ಪಿಕೊಂಡಳು. ತಪ್ಪು ದವಾಖಾನೆಯದೇ ಎಂದು ಸಾಹೇಬರು ಬರೆದುಕೊಂಡರು. ಕಟ್ಟಿದ ನಾಳ ಮತ್ತೆ ಕೂಡಿಸಿ ನೋಡಬಹುದು, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದು ಬೇರೆ ಡಾಕ್ಟರು ಹೇಳಿದರು.

ಮರಳುವಾಗ ಬಸ್ಸಿನಲ್ಲಿ ಯಂಕವ್ವ ಸೊಸೆಯನ್ನು ಕಿಟಕಿಯ ಪಕ್ಕ ಕೂರಿಸಿದಳು. ಗಲಗಲಿಯ ಹೆಣ್ಣಿನ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

"ಒಡಪ ಛಲೋ ಇತ್ತು" ಎಂದಳು. "ಹೆಸರ ಬಂದಲ್ಲಿ ದನಿ ಸಣ್ಣ ಆತು, ಅಷ್ಟ."

"ನೀವು ಮುಂದ ಇದ್ರಲ್ರಿ, ನಾಚಿಕಿ ಬಂತು."

ಸೊಸೆಯ ಹೆಗಲ ಮೇಲೆ ಇಟ್ಟ ಕೈಯನ್ನು ಆ ಮುದುಕಿ ತೆಗೆಯಲೇ ಇಲ್ಲ. ನನ್ನ ಅತ್ತೆ ನನಗಾಗಿ ಒಬ್ಬ ಸಾಹೇಬನ ಮುಂದೆ ಹೀಗೆ ಎದ್ದು ನಿಂತಾಳೆಯೇ? ಮತ್ತೆ ಹೊಟ್ಟೆ ಉರಿಯಿತು. ನನ್ನ ಮಗ ತಾಯವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಮುಧೋಳದಲ್ಲಿ ಬಸ್ಸು ಇಳಿಯುವವರೆಗೂ ನಾನು ಅವನನ್ನು ತಿರುಗಿ ಕೇಳಲಿಲ್ಲ.