ತಂಗಿ ಹೊಲ

ಕಳೆದ ವಾರ ನಿಪ್ಪಾಣಿ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಕಟ್ಟಿದ ಬಟ್ಟೆಗೆಲ್ಲ ಹಸಿ ತಂಬಾಕಿನ ಘಾಟು. ಎಷ್ಟೋ ವರ್ಷಗಳ ಮೇಲೆ ಬುತ್ತಿ ಆಯಿ ನೆನಪಾದಳು...

ಆಗ ನಾನು ಬೇಡಕಿಹಾಳದ ಆಚೆಯ ಒಂದು ಊರಿಗೆ ಹೊಸ ತಲಾಠಿ. ಹೊಲಗಳ ದಾಖಲೆ ಬರೆಯುವ ಕೆಲಸ. ಎಲ್ಲ ಸರ್ವೆ ನಂಬರು ಬಾಯಿಪಾಠ, ಹೊಲಕ್ಕೆ ಇಳಿದರೆ ಮಾತ್ರ ದಿಕ್ಕು ತಿಳಿಯದು. ಊರವರೆಲ್ಲ ಆಯಿ ಎನ್ನುತ್ತಿದ್ದ ಆ ಮುದುಕಿ ಕೂಲಿಯವರ ಮನೆಗಳಿಂದ ಬುತ್ತಿ ಹೊತ್ತು ಹೊಲಗಳಿಗೆ ಮುಟ್ಟಿಸುತ್ತಿದ್ದಳು. ಅವಳಿಗೆ ನಂಬರು ಗೊತ್ತಿರಲಿಲ್ಲ, ಪ್ರತಿ ಹೊಲದ ಹೆಸರೂ ಗೊತ್ತಿತ್ತು. ಸಾಹೇಬನೆಂಬ ಗತ್ತು ಬದಿಗಿಟ್ಟು ಅವಳ ಬುಟ್ಟಿಯ ಹಿಂದೆ ಹೊರಟೆ.

"ಇದು ಹುಣಸಿಪಟ್ಟಿರಿ. ಮರಾಠಿ ಮಂದಿ ಚಿಂಚಪಟ್ಟಿ ಅಂತಾರ."

"ಹುಣಸೆ ಗಿಡ ಎಲ್ಲಿ?"

"ನಮ್ಮತ್ತಿ ಈ ಊರಿಗೆ ಬರೂ ಮೊದಲ ಕಡದಾರಂತ. ಹೆಸರ ಹ್ಯಾಂಗ ಕಡೀತಾರ್ರಿ?"

ದಂಡಿನ ಕುದುರೆಗಳು ನೀರು ಕುಡಿದ ಕುದುರಿಮಡ, ಮದುವೆ ಖರ್ಚಿಗೆ ಮಾರಿಹೋದ ಬಾಸಿಂಗದ ಹೊಲ... ಆಯಿ ಹೇಳುತ್ತಾ ಹೋದಂತೆ ನನ್ನ ನಂಬರುಗಳಿಗೆ ಜೀವ ಬರುತ್ತಿತ್ತು. ಹಳ್ಳದ ದಂಡೆಯ ಒಂದು ತಂಬಾಕಿನ ಹೊಲದ ಹತ್ತಿರ ಮಾತ್ರ ಅವಳು ಬುಟ್ಟಿ ಇಳಿಸಿ ನಿಂತಳು.

"ಇದು ತಂಗಿ ಹೊಲರಿ."

ಯಾರ ತಂಗಿ ಎಂದೆ. "ನನ್ನ ತಂಗಿರಿ," ಅಂದಳು. ತಂಬಾಕಿನ ಕುಡಿ ಚಿವುಟಲು ಬಂದ ಹುಡುಗಿ ಅಲ್ಲೇ ಹಾವು ಕಚ್ಚಿ ಸತ್ತಿದ್ದಳಂತೆ. ಅಂದಿನಿಂದ ಕೂಲಿಯವರ ಬಾಯಲ್ಲಿ ಅದು ತಂಗಿ ಹೊಲ. ಮಾಲೀಕ ಈಗ ಅದನ್ನು ಮಾರಲು ಹೊರಟಿದ್ದ. ಹೊಸಬರು ಬಂದರೆ ಹೆಸರು ಹೋಗುತ್ತದೆ ಎಂಬುದೇ ಆಯಿಯ ಚಿಂತೆ.

"ಹೊಲ ನಮ್ಮದಲ್ಲರಿ, ಹೆಸರಷ್ಟ ನಮ್ಮದು. ನಿಮ್ಮ ಕಾಗದದಾಗ ಒಂದ್ ಕಡೆ ಬರದ ಇಡ್ರಿ."

ಪಹಣಿಯಲ್ಲಿ ಟಿಪ್ಪಣಿಗೆಂದೇ ಇರುವ ಷರಾ ಎಂಬ ಕಾಲಂ ಖಾಲಿಯೇ ಇತ್ತು. ಎರಡು ಶಬ್ದ ಬರೆದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಇಂಥದ್ದನ್ನೆಲ್ಲ ಬರೆದರೆ ಮೇಲಿನವರು ನಕ್ಕಾರು ಎಂದು ಹೆದರಿದೆ. "ನೋಡೋಣ ಆಯಿ" ಎಂದೆ. ದಾರಿಯಲ್ಲಿ ಸಿಕ್ಕಾಗಲೆಲ್ಲ "ಬರದ್ರ್ಯಾ?" ಎಂದು ಕೇಳುತ್ತಿದ್ದಳು. ಕೊನೆಗೆ ಅವಳು ಬರುವ ದಾರಿಯನ್ನೇ ತಪ್ಪಿಸತೊಡಗಿದೆ. ಅಷ್ಟರಲ್ಲಿ ರಾಯಬಾಗಕ್ಕೆ ವರ್ಗವಾಯಿತು. ಆಯಿ ತೀರಿಕೊಂಡ ಸುದ್ದಿ ಅಲ್ಲಿಗೇ ಬಂತು...

ಕಳೆದ ವಾರ ನಿಪ್ಪಾಣಿಯಲ್ಲಿ ಮನೆಯ ಬಸ್ ಬಿಟ್ಟು ಆ ಊರಿನ ಬಸ್ ಹತ್ತಿದೆ. ಹಳ್ಳದ ದಂಡೆಯ ತುಂಬ ಈಗ ಕಬ್ಬು. ನೀರು ಬಿಡುತ್ತಿದ್ದವನನ್ನು ತಂಗಿ ಹೊಲ ಇದೇನಾ ಎಂದು ಕೇಳಿದೆ.

"ಗೊತ್ತಿಲ್ರಿ. ಇದಕ ಪೈಪ್‌ಲೈನ್ ಹೊಲ ಅಂತೀವ್ರಿ."

ಬದುವಿನ ಮೇಲೆ ನಿಂತು ಎಲ್ಲ ಹೇಳಿದೆ. ಅವನು ಸಲಿಕೆ ಊರಿಕೊಂಡು ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ, "ಆ ಹುಡುಗಿ ಹೆಸರೇನಿತ್ರಿ?" ಅಂದ.

ಆಯಿಯ ಹಿಂದೆ ಅಷ್ಟು ದಿನ ಅಲೆದು ಊರಿನ ಹೊಲಗಳ ಹೆಸರನ್ನೆಲ್ಲ ಕೇಳಿದವನು ನಾನು. ಅದೊಂದನ್ನು ಕೇಳಿರಲಿಲ್ಲ.