ತಟ್ಟೆ ಬದಲಿಸಿ ನೋಡುವುದು

ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಅವರು ಹೆಗಲ ಟವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದರು, ತಮ್ಮ ಉಸಿರು ತಟ್ಟೆಗೆ ತಾಗಬಾರದೆಂದು. ಆ ಟವೆಲ್ಲು ಹಸಿರು ಅಂಚಿನದೋ ಕೆಂಪು ಅಂಚಿನದೋ, ಈಗ ಆಣೆ ಇಟ್ಟು ಹೇಳಲಾರೆ. ಕಚ್ಚುತ್ತಿದ್ದುದಂತೂ ನಿಜ, ಅದರ ಒಂದು ಮೂಲೆ ಯಾವಾಗಲೂ ಒದ್ದೆಯಾಗಿರುತ್ತಿತ್ತು.

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವರು. ತಕ್ಕಡಿ ರಿಪೇರಿ ಅವರ ಕಸುಬು, ಹಾಗಾಗಿ ನನಗೆ ತಕ್ಕಡಿ ಮಾವ. ಸರ್ಕಾರದ ಮುದ್ರೆ ಹಾಕಿಸುವ ಮೊದಲು ಅಂಗಡಿಯವರು ತಕ್ಕಡಿ ಹೊತ್ತು ಅವರ ಜಗಲಿಗೆ ಬರುತ್ತಿದ್ದರು. ಸಂತೆಯ ದಿನ ಅವರೇ ಟಿ. ನರಸೀಪುರದ ಬಸ್ಸು ಹತ್ತುತ್ತಿದ್ದರು. ಕಾಲೇಜಿಗೆ ರಜೆ ಇದ್ದರೆ ನಾನೂ ಜೊತೆಗೆ ಹೋಗುತ್ತಿದ್ದೆ.

ಒಮ್ಮೆ ಅಲ್ಲಿ ಬೆಲ್ಲ ಮಾರುವ ಹೆಂಗಸೊಬ್ಬಳು ತನ್ನ ತಕ್ಕಡಿ ತಂದಳು. ಖಾಲಿ ತಟ್ಟೆಗಳು ಸಮವಾಗಿ ನಿಂತಿದ್ದವು. “ಮುಳ್ಳು ನೆಟ್ಟಗೈತಲ್ಲ ಸಾ, ಇನ್ನೇನ್ ನೋಡ್ತೀರಿ?” ಎಂದಳು.

“ಖಾಲಿ ಇದ್ದಾಗ ಎಲ್ಲಾ ತಕ್ಕಡೀನೂ ಸಾಚಾನೇ ಕಣವ್ವ.”

ಮಾವ ಎಡಕ್ಕೆ ತೂಕದ ಬಟ್ಟು, ಬಲಕ್ಕೆ ಬೆಲ್ಲ ಇಟ್ಟು ಸಮ ಮಾಡಿದರು. ಆಮೇಲೆ ಎರಡನ್ನೂ ಅದಲುಬದಲು ಮಾಡಿ ಟವೆಲ್ಲು ಕಚ್ಚಿದರು. ಮುಳ್ಳು ವಾಲಿತು. ಎತ್ತಿ ನೋಡಿದರೆ ಒಂದು ತಟ್ಟೆಯ ತಳದಲ್ಲಿ ಒಣಗಿದ ಹುಣಸೆಹಣ್ಣಿನ ಉಂಡೆ.

“ನಮ್ಮತ್ತೆ ಮೆತ್ತಿದ್ದು ಸಾ, ಮುಳ್ಳು ನೆಟ್ಟಗಾಗ್ಲಿ ಅಂತ.”

“ಮುಳ್ಳೇನೋ ನೆಟ್ಟಗಾಯ್ತು. ದಂಡೀಲಿ ಬೆಲ್ಲದ ಕಡೆ ತೋಳು ಗಿಡ್ಡ ಐತಲ್ಲ, ಅದ್ನ ನೋಡೋರ್ಯಾರು? ಇಷ್ಟ್ ದಿನ ಜಾಸ್ತಿ ಬೆಲ್ಲ ಕೊಟ್ಟಿರೋಳು ನೀನೇ ಕಣವ್ವ.”

“ಅಯ್ಯೋ ಮುದುಕಿ! ನಂಗೊಂದ್ ಚೂರು ಬೆಲ್ಲ ಕೊಡಕ್ಕೆ ಅಳ್ತಿದ್ಲು, ಊರ್ಗೆಲ್ಲ ಅಂಚವ್ಳೆ ನೋಡಿ!”

ಮುಂದೆ ನಾನು ಕಣಭೌತಶಾಸ್ತ್ರ ಓದಿ, ಹೊರದೇಶದ ದೊಡ್ಡ ಪ್ರಯೋಗವೊಂದಕ್ಕೆ ಸೇರಿದೆ. ಈಗಿನ ಸಿದ್ಧಾಂತ ಬಹಳಷ್ಟನ್ನು ಸರಿಯಾಗಿಯೇ ಹೇಳುತ್ತದೆ. ಆದರೆ ಪ್ರಪಂಚದಲ್ಲಿ ದ್ರವ್ಯ ಇಷ್ಟೊಂದು ಉಳಿದು, ಅದರ ಜೋಡಿಯಾದ ಪ್ರತಿದ್ರವ್ಯ ಏಕೆ ಕಾಣೆಯಾಯಿತು ಎಂದರೆ ತಡವರಿಸುತ್ತದೆ. ಅದರಾಚೆ ಇರುವುದನ್ನು ಹುಡುಕುವುದು ನಮ್ಮ ಕೆಲಸ. ನನ್ನ ಅಳತೆಯಲ್ಲಿ ದ್ರವ್ಯ, ಪ್ರತಿದ್ರವ್ಯಗಳ ನಡುವೆ ಸಿದ್ಧಾಂತ ಒಪ್ಪುವುದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡಿತು. ನಿಜವಾದರೆ ಹೆಸರು, ತಪ್ಪಾದರೆ ನನ್ನ ಅಳತೆಯನ್ನು ಮತ್ತೆ ಯಾರೂ ನಂಬರು. ಪ್ರಬಂಧ ಕಳಿಸುವ ಮುಂಚಿನ ವಾರ ಊರಿಗೆ ಬಂದವನು ಜಗಲಿಯಲ್ಲಿ ಕೂತು ಮಾವನಿಗೆ ಎಲ್ಲ ಹೇಳಿದೆ: ದೊಡ್ಡ ಕಾಂತವೊಂದು ಒಂದು ಬಗೆಯ ಕಣವನ್ನು ಎಡಕ್ಕೆ, ಅದರ ಜೋಡಿಯನ್ನು ಬಲಕ್ಕೆ ತಿರುಗಿಸುತ್ತದೆ; ನಾವು ಎರಡೂ ಕಡೆ ಎಣಿಸುತ್ತೇವೆ.

“ಅದ್ಲು ಬದ್ಲು ಮಾಡ್ದೇನ್ಲಾ?”

ಮಾಡಿರಲಿಲ್ಲ. ಕಾಂತದ ದಿಕ್ಕು ತಿರುಗಿಸಿ ತೆಗೆದ ಅಳತೆಗಳೂ ಇದ್ದವು. ಅವನ್ನು ಹಸನು ಮಾಡಲು ತಿಂಗಳುಗಟ್ಟಲೆ ಬೇಕೆಂದು ಬಿಟ್ಟಿದ್ದೆ. “ಅದು ಆಮೇಲೆ ಮಾಡೋಣ ಅಂತ, ಮಾವ.”

“ಉಣಸೇಅಣ್ಣು ಮೆತ್ತಿದ್ದೀನಿ ಅನ್ನು.”

ವಾಪಸು ಹೋಗಿ, ಪ್ರಬಂಧವನ್ನು ತಡೆದು, ಆ ಕೆಲಸಕ್ಕೆ ಕೂತೆ. ದ್ರವ್ಯದ ಕಡೆಗೆ ವಾಲಿದ್ದ ವ್ಯತ್ಯಾಸ ಅಷ್ಟೇ ಪ್ರಮಾಣದಲ್ಲಿ ಪ್ರತಿದ್ರವ್ಯದ ಕಡೆಗೆ ವಾಲಿತು. ನಮ್ಮ ಯಂತ್ರದ ಒಂದು ಪಕ್ಕ ಕೊಂಚ ಮಂಕಾಗಿತ್ತು, ಅಷ್ಟೇ. ಅಳು ಬರಬೇಕಿತ್ತು. ಹೊಟ್ಟೆ ತುಂಬ ಅನ್ನ ಸಾರು ಉಂಡದ್ದು ನೆನಪಿದೆ.

ಮುಂದಿನ ಸಲ ಊರಿಗೆ ಬಂದಾಗ ನನ್ನ ಮಾನ ಉಳಿಸಿದಿರಿ ಎಂದರೆ, ಮಾವ ಹುಬ್ಬೇರಿಸಿದರು. “ನಾನೆಲ್ಲಿ ಅಂಗಂದೆ? ನೀನೇನೋ ಏಳ್ತಿದ್ದೆ, ನಾನು ತೂಕಡಿಸ್ತಿದ್ದೆ ಕಣ್ಲಾ.”

ಇರಬಹುದು. ನನ್ನದೇ ಅನುಮಾನಕ್ಕೆ ಅವರ ದನಿ ತೊಡಿಸಿಕೊಂಡೆನೋ ಏನೋ. ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವ ಮೊದಲೇ ಅವರು ಹೋಗಿಬಿಟ್ಟರು. ಒಂದು ದಿನ ಜ್ವರ, ಮರುದಿನ ಇಲ್ಲ.

ಮೊನ್ನೆ ಮತ್ತೊಂದು ವ್ಯತ್ಯಾಸ ಕಂಡಿದೆ. ಕಾಂತದ ದಿಕ್ಕು ಬದಲಿಸಿದರೂ ಇದು ದ್ರವ್ಯದ ಕಡೆಗೇ ವಾಲಿದೆ. ಬಹಳ ಸಣ್ಣದು, ಇನ್ನೂ ಕಾಯಬೇಕು. “ಏನಾದರೂ ಸಿಕ್ಕಿತೇ?” ಎಂದು ಪಕ್ಕದ ಮೇಜಿನ ಸಹೋದ್ಯೋಗಿ ಕೇಳಿದಳು. ಕತ್ತಿಗೆ ಸುತ್ತಿದ್ದ ಮಫ್ಲರಿನ ತುದಿ ನನ್ನ ಹಲ್ಲಿನಲ್ಲಿತ್ತು.